ಲಿನಕ್ಸ್‌ನಲ್ಲಿ ಡಿಎನ್‌ಎಸ್‌ಮಾಸ್ಕ್: ಮೊದಲು ಡಿಎನ್‌ಎಸ್, ಆಮೇಲೆ ಡಿಎಚ್‌ಸಿಪಿ

ಡಿಎನ್‌ಎಸ್‌ಮಾಸ್ಕ್ (dnsmasq) ಸಣ್ಣ ನೆಟ್‌ವರ್ಕ್‌ಗೆ ಎರಡು ಕೆಲಸ ಮಾಡಿಕೊಡುವ ಪ್ರೋಗ್ರಾಂ: ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವುದು (ಡಿಎನ್‌ಎಸ್), ಸಾಧನಗಳಿಗೆ ಐಪಿ ವಿಳಾಸ ಹಂಚುವುದು (ಡಿಎಚ್‌ಸಿಪಿ). ಅದನ್ನು ಹಾಕಲು ಹೋಗಿ ಅರ್ಧಕ್ಕೆ ಕೈಬಿಟ್ಟವರ ದೂರುಗಳು ಹೆಚ್ಚಾಗಿ ಮೂರೇ. ಒಂದು, ಸರ್ವೀಸ್ ಸ್ಟಾರ್ಟೇ ಆಗುವುದಿಲ್ಲ. ಎರಡು, ಸ್ಟಾರ್ಟ್ ಆಗಿ ಎಲ್ಲರಿಗೂ ಐಪಿ ಸಿಗುತ್ತದೆ, ಆದರೆ ಇಂಟರ್‌ನೆಟ್ ಬರುವುದಿಲ್ಲ. ಮೂರು, ಒಳಗಿನ ಹೆಸರುಗಳು ಒಮ್ಮೆ ತೆರೆಯುತ್ತವೆ, ಇನ್ನೊಮ್ಮೆ ತೆರೆಯುವುದಿಲ್ಲ. ಕಾರಣಗಳು ಬೇರೆ ಬೇರೆ. ಆದರೆ ಆ ಕಾರಣ ಕೈಗೆ ಸಿಗದಿರುವುದಕ್ಕೆ ಕಾರಣ ಒಂದೇ: ಎಲ್ಲ ಸಾಲುಗಳನ್ನೂ ಒಟ್ಟಿಗೆ ಕಾಪಿ ಮಾಡಿ, ಒಂದೇ ಸಲ ರೀಸ್ಟಾರ್ಟ್ ಕೊಟ್ಟಿರುತ್ತಾರೆ.

ಇಲ್ಲಿ ಹಾಗೆ ಮಾಡುವುದು ಬೇಡ. ಮೊದಲು ಡಿಎನ್‌ಎಸ್ ಮಾತ್ರ. ಅದು ಇನ್ನೊಂದು ಕಂಪ್ಯೂಟರ್‌ನಿಂದಲೂ ಉತ್ತರ ಕೊಟ್ಟ ಮೇಲೆ ಡಿಎಚ್‌ಸಿಪಿ. ಡಿಎನ್‌ಎಸ್ ಕೆಟ್ಟರೆ ಯಾರಿಗೂ ತೊಂದರೆ ಇಲ್ಲ, ಏಕೆಂದರೆ ಆಗಿನ್ನೂ ಯಾರೂ ಅದನ್ನು ಬಳಸುತ್ತಿರುವುದಿಲ್ಲ. ಡಿಎಚ್‌ಸಿಪಿ ಕೆಟ್ಟರೆ ಇಡೀ ನೆಟ್‌ವರ್ಕ್ ನಿಂತುಹೋಗುತ್ತದೆ.

ಕಮಾಂಡ್‌ಗಳನ್ನು, ಆಯ್ಕೆಗಳ ಹೆಸರುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಡಿಎನ್‌ಎಸ್‌ಮಾಸ್ಕ್ ಆಯ್ಕೆಗಳೆಲ್ಲ ಸಣ್ಣಕ್ಷರ, ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡುವುದು ಬೇಡ.

ಉದಾಹರಣೆಗೆ ಹಿಡಿದಿರುವ ನೆಟ್‌ವರ್ಕ್ 192.168.50.0/24. ರೌಟರ್ 192.168.50.1, ನಮ್ಮ ಸರ್ವರ್ 192.168.50.2, ಇಂಟರ್‌ಫೇಸ್ (ಅಂದರೆ ಸರ್ವರ್‌ನ ನೆಟ್‌ವರ್ಕ್ ಕಾರ್ಡ್) ಇಟಿಎಚ್0. ನಿಮ್ಮದು ಬೇರೆ ಇರುತ್ತದೆ. ಇಂಟರ್‌ಫೇಸ್‌ನ ಸರಿಯಾದ ಹೆಸರನ್ನು 'ಐಪಿ ಎ' ಕಮಾಂಡ್ ಕೊಟ್ಟು ನೋಡಿ ಬರೆದಿಟ್ಟುಕೊಳ್ಳಿ.

ಹಂತ 1: ಸರ್ವರ್‌ಗೆ ಸ್ಥಿರ ವಿಳಾಸ

ವಿಳಾಸ ಹಂಚುವ ಯಂತ್ರವೇ ಇನ್ನೊಬ್ಬರಿಂದ ವಿಳಾಸ ಕೇಳುವಂತಿರಬಾರದು. ನೆಟ್‌ಪ್ಲಾನ್, ನೆಟ್‌ವರ್ಕ್‌ಮ್ಯಾನೇಜರ್, ಸಿಸ್ಟಂಡಿ-ನೆಟ್‌ವರ್ಕ್‌ಡಿ, ನಿಮ್ಮಲ್ಲಿ ಯಾವುದಿದೆಯೋ ಅದರಲ್ಲೇ 192.168.50.2/24 ಅಂತ ಸ್ಥಿರವಾಗಿ ಕೊಡಿ. ಗೇಟ್‌ವೇ, ಅಂದರೆ ಇಂಟರ್‌ನೆಟ್‌ಗೆ ಹೋಗುವ ಬಾಗಿಲು, 192.168.50.1.

ರೌಟರ್‌ನಲ್ಲಿ 'ರಿಸರ್ವ್' ಮಾಡಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಇನ್ನು ಸ್ವಲ್ಪ ಹೊತ್ತಿನಲ್ಲಿ ರೌಟರ್‌ನ ಡಿಎಚ್‌ಸಿಪಿಯನ್ನೇ ಆಫ್ ಮಾಡುತ್ತೇವೆ, ಆಗ ಆ ರಿಸರ್ವೇಶನ್ ಕೂಡ ಅದರ ಜೊತೆಗೇ ಹೋಗುತ್ತದೆ.

ಸರ್ವರ್ ತನ್ನ ಸ್ವಂತ ಕೆಲಸಕ್ಕೆ ಬಳಸುವ ಡಿಎನ್‌ಎಸ್ ಆಗಿ ಹೊರಗಿನ ಸರ್ವರ್‌ನ ವಿಳಾಸವನ್ನೇ ಕೊಡಿ, 127.0.0.1 ಬೇಡ. ಡಿಎನ್‌ಎಸ್‌ಮಾಸ್ಕ್ ಬಿದ್ದ ದಿನ ಅದನ್ನು ರಿಪೇರಿ ಮಾಡಲು ಆ ಯಂತ್ರಕ್ಕೆ ಇಂಟರ್‌ನೆಟ್ ಬೇಕು.

ಸರ್ವರನ್ನು ಒಮ್ಮೆ ರೀಬೂಟ್ ಮಾಡಿ, ವಿಳಾಸ ಉಳಿದಿದೆಯೇ ನೋಡಿ ಮುಂದೆ ಹೋಗಿ.

ಹಂತ 2: ಬೇಕಾದ್ದನ್ನೆಲ್ಲ ಈಗಲೇ ಇಳಿಸಿಕೊಳ್ಳಿ

ಮುಂದಿನ ಹಂತದಲ್ಲಿ ಈ ಯಂತ್ರದ ಡಿಎನ್‌ಎಸ್ ಸ್ವಲ್ಪ ಹೊತ್ತು ಹೋದರೂ ಹೋಗಬಹುದು. ಆಗ ಪ್ಯಾಕೇಜ್ ಇಳಿಸಲು ಆಗುವುದಿಲ್ಲ. ಆದ್ದರಿಂದ ಇನ್‌ಸ್ಟಾಲ್ ಮೊದಲು.

ಡಿಬಿಯನ್, ಉಬುಂಟುಗಳಲ್ಲಿ ಡಿಎನ್‌ಎಸ್‌ಮಾಸ್ಕ್, ಬೈಂಡ್9-ಡಿಎನ್‌ಎಸ್‌ಯುಟಿಲ್ಸ್, ಟಿಸಿಪಿಡಂಪ್, ಎನ್‌ಮ್ಯಾಪ್ ಹಾಕಿ. ಫೆಡೋರಾದಲ್ಲಿ ಎರಡನೆಯದರ ಹೆಸರು ಬೈಂಡ್-ಯುಟಿಲ್ಸ್. ಡಿಎನ್‌ಎಸ್ ಪರೀಕ್ಷೆಗೆ ಬೇಕಾದ ಡಿಗ್ ಕಮಾಂಡ್ ಬರುವುದು ಅದರಿಂದಲೇ. ಡಿಬಿಯನ್‌ನಲ್ಲಿ 'ಡಿಎನ್‌ಎಸ್‌ಮಾಸ್ಕ್-ಬೇಸ್' ಅಂತ ಇನ್ನೊಂದು ಪ್ಯಾಕೇಜ್ ಇದೆ. ಅದೊಂದೇ ಇದ್ದರೆ ಪ್ರೋಗ್ರಾಂ ಇರುತ್ತದೆ, ಸರ್ವೀಸ್ ಇರುವುದಿಲ್ಲ.

ಉಬುಂಟುವಿನಲ್ಲಿ ಇನ್‌ಸ್ಟಾಲ್ ಮುಗಿಯುವಾಗಲೇ ಸರ್ವೀಸ್ ಸ್ಟಾರ್ಟ್ ಆಗಲಿಲ್ಲ ಅಂತ ಕೆಂಪು ಸಾಲುಗಳು ಬರಬಹುದು. ಗಾಬರಿ ಬೇಡ. ಅದರ ಕಾರಣ ಮುಂದಿನ ಹಂತದಲ್ಲಿದೆ.

ಹಂತ 3: 53ನೇ ಪೋರ್ಟ್‌ನಲ್ಲಿ ಕೂತಿರುವವರು ಯಾರು?

ಅತಿ ಜಾಸ್ತಿ ಜನ ಸಿಕ್ಕಿಬೀಳುವ ಜಾಗ ಇದು. ಡಿಎನ್‌ಎಸ್ ನಡೆಯುವುದು 53ನೇ ಪೋರ್ಟ್‌ನಲ್ಲಿ. ಅಲ್ಲಿ ಮೊದಲೇ ಬೇರೆ ಪ್ರೋಗ್ರಾಂ ಇದ್ದರೆ ಲಾಗ್‌ನಲ್ಲಿ 'ಫೇಲ್ಡ್ ಟು ಕ್ರಿಯೇಟ್ ಲಿಸನಿಂಗ್ ಸಾಕೆಟ್ ಫಾರ್ ಪೋರ್ಟ್ 53: ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಅಂತ ಬರುತ್ತದೆ.

ಊಹಿಸುತ್ತ ಕೂರಬೇಡಿ, ನೋಡಿ. 'ಸುಡೊ ಎಸ್‌ಎಸ್ -ಎಲ್‌ಎನ್‌ಟಿಯುಪಿ' ಕೊಡಿ, :53 ಇರುವ ಸಾಲುಗಳನ್ನು ಓದಿ. ಸಾಮಾನ್ಯವಾಗಿ ಕಾಣುವವರು ಇವರು:

- 127.0.0.53 ಮೇಲೆ ಸಿಸ್ಟಂಡಿ-ರಿಸಾಲ್ವ್ಡ್, ಅಂದರೆ ಆ ಯಂತ್ರದ ಸ್ವಂತ ಡಿಎನ್‌ಎಸ್ ಪ್ರಶ್ನೆಗಳನ್ನು ನೋಡಿಕೊಳ್ಳುವ ಸರ್ವೀಸ್. ಉಬುಂಟುವಿನಲ್ಲಿ ಇದು ಇದ್ದೇ ಇರುತ್ತದೆ.
- 192.168.122.1 ಮೇಲೆ ಇನ್ನೊಂದು ಡಿಎನ್‌ಎಸ್‌ಮಾಸ್ಕ್. ಅದು ಲಿಬ್‌ವರ್ಟ್ ತನ್ನ ವರ್ಚುವಲ್ ಯಂತ್ರಗಳಿಗಾಗಿ ಓಡಿಸುವುದು, ಅದನ್ನು ಮುಟ್ಟಬೇಡಿ.
- ಬೈಂಡ್ ಅಥವಾ ಅನ್‌ಬೌಂಡ್, ಇವೂ ಡಿಎನ್‌ಎಸ್ ಸರ್ವರ್‌ಗಳೇ. ಹಿಂದೆ ಯಾವಾಗಲೋ ಹಾಕಿ ಮರೆತಿದ್ದರೆ ನಿಲ್ಲಿಸಿ, ಡಿಸೇಬಲ್ ಮಾಡಿ.

ಸಿಸ್ಟಂಡಿ-ರಿಸಾಲ್ವ್ಡ್ ಕಂಡ ತಕ್ಷಣ ಅದನ್ನು ಕಿತ್ತುಹಾಕಿ, /ಇಟಿಸಿ/ರಿಸಾಲ್ವ್.ಕಾನ್ಫ್ ಫೈಲನ್ನು ಡಿಲೀಟ್ ಮಾಡಿ ಅಂತ ಹೇಳುವವರು ತುಂಬ ಜನ. ಅದರ ಅಗತ್ಯ ಇಲ್ಲ. ಡಿಎನ್‌ಎಸ್‌ಮಾಸ್ಕ್ ಡೀಫಾಲ್ಟ್ ಆಗಿ ಎಲ್ಲ ವಿಳಾಸಗಳ 53ನೇ ಪೋರ್ಟನ್ನೂ ತಾನೇ ಹಿಡಿಯಲು ಹೋಗುತ್ತದೆ, ಜಗಳ ಅಲ್ಲಿ. ಅದಕ್ಕೆ 'ಬೈಂಡ್-ಡೈನಾಮಿಕ್' ಅನ್ನುವ ಒಂದು ಸಾಲು ಕೊಟ್ಟರೆ ತನಗೆ ಹೇಳಿದ ಇಂಟರ್‌ಫೇಸ್‌ನ ವಿಳಾಸ ಮತ್ತು 127.0.0.1 ಇಷ್ಟನ್ನು ಮಾತ್ರ ಹಿಡಿಯುತ್ತದೆ. 127.0.0.53 ಅದರ ಪಾಡಿಗೆ ಇರುತ್ತದೆ. ಲಿಬ್‌ವರ್ಟ್‌ನದ್ದೂ ಅಷ್ಟೇ.

'ಬೈಂಡ್-ಇಂಟರ್‌ಫೇಸಸ್' ಅನ್ನುವ ಹಳೆಯ ಆಯ್ಕೆಯೂ ಇದೇ ಕೆಲಸ ಮಾಡುತ್ತದೆ. ಆದರೆ ಬೂಟ್ ಆಗುವಾಗ ನೆಟ್‌ವರ್ಕ್ ಕಾರ್ಡ್ ಎದ್ದೇಳುವುದು ಸ್ವಲ್ಪ ತಡವಾದರೆ 'ಅನ್‌ನೋನ್ ಇಂಟರ್‌ಫೇಸ್' ಅಂತ ಹೇಳಿ ಕೈಚೆಲ್ಲುತ್ತದೆ. ಬೈಂಡ್-ಡೈನಾಮಿಕ್ ಕಾಯುತ್ತದೆ. ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಕೆಲವು ಡಿಸ್ಟ್ರೊಗಳ ಮೂಲ ಫೈಲ್‌ನಲ್ಲಿ ಹಳೆಯದು ಮೊದಲೇ ಬರೆದಿರುತ್ತದೆ, ಅದನ್ನು # ಹಾಕಿ ಮುಚ್ಚಿ.

ಹಂತ 4: ಡಿಎನ್‌ಎಸ್ ಮಾತ್ರ ಬರೆಯಿರಿ

/ಇಟಿಸಿ/ಡಿಎನ್‌ಎಸ್‌ಮಾಸ್ಕ್.ಕಾನ್ಫ್ ಫೈಲ್‌ನಲ್ಲಿ ನೂರಾರು ಸಾಲು ವಿವರಣೆ ಇದೆ. ಅದರ ಮಧ್ಯೆ ನಿಮ್ಮ ಸಾಲುಗಳನ್ನು ತುರುಕಬೇಡಿ. /ಇಟಿಸಿ/ಡಿಎನ್‌ಎಸ್‌ಮಾಸ್ಕ್.ಡಿ ಫೋಲ್ಡರ್‌ನಲ್ಲಿ ಲ್ಯಾನ್.ಕಾನ್ಫ್ ಅಂತ ಹೊಸ ಫೈಲ್ ಮಾಡಿ. ಡಿಬಿಯನ್, ಉಬುಂಟು, ಫೆಡೋರಾಗಳಲ್ಲಿ ಈ ಫೋಲ್ಡರನ್ನು ಅದು ತಾನಾಗೇ ಓದುತ್ತದೆ. ಬೇರೆ ಡಿಸ್ಟ್ರೊ ಆದರೆ ಮೂಲ ಫೈಲ್‌ನಲ್ಲಿರುವ ಕಾನ್ಫ್-ಡಿರ್ ಸಾಲಿನ ಮುಂದಿನ # ತೆಗೆಯಬೇಕಾದೀತು.

ಇಂಟರ್‌ಫೇಸ್=ಇಟಿಎಚ್0
ಬೈಂಡ್-ಡೈನಾಮಿಕ್
ಡೊಮೇನ್-ನೀಡೆಡ್
ಬೋಗಸ್-ಪ್ರಿವ್
ನೋ-ರಿಸಾಲ್ವ್
ಸರ್ವರ್=9.9.9.9
ಸರ್ವರ್=1.1.1.1
ಕ್ಯಾಶ್-ಸೈಜ್=1000
ಡೊಮೇನ್=ಹೋಮ್.ಆರ್ಪಾ
ಲೋಕಲ್=/ಹೋಮ್.ಆರ್ಪಾ/
ಎಕ್ಸ್‌ಪ್ಯಾಂಡ್-ಹೋಸ್ಟ್ಸ್

ಡೊಮೇನ್-ನೀಡೆಡ್ ಇದ್ದರೆ ಚುಕ್ಕಿ ಇಲ್ಲದ ಬರಿ ಹೆಸರುಗಳು ಹೊರಗೆ ಹೋಗುವುದಿಲ್ಲ. ಬೋಗಸ್-ಪ್ರಿವ್ ಇದ್ದರೆ ಖಾಸಗಿ ವಿಳಾಸಗಳ ಹಿಮ್ಮುಖ ಹುಡುಕಾಟ ಹೊರಗೆ ಹೋಗುವುದಿಲ್ಲ. ನೋ-ರಿಸಾಲ್ವ್ ಅಂದರೆ ರಿಸಾಲ್ವ್.ಕಾನ್ಫ್ ನೋಡಬೇಡ, ನಾನು ಕೊಟ್ಟ ಸರ್ವರ್‌ಗಳನ್ನೇ ಕೇಳು ಅಂತ. ಸರ್ವರ್= ಸಾಲುಗಳಲ್ಲಿರುವುದು ಹೊರಗಿನ ಸಾರ್ವಜನಿಕ ಡಿಎನ್‌ಎಸ್ ಸರ್ವರ್‌ಗಳ ವಿಳಾಸ. ಸ್ಪೆಲ್ಲಿಂಗ್ ಗಮನಿಸಿ, ಇಲ್ಲಿ ರಿಸಾಲ್ವ್ ಪದದ ಕೊನೆಗೆ 'ಇ' ಅಕ್ಷರ ಇಲ್ಲ. ಕ್ಯಾಶ್ ಅಂದರೆ ಒಮ್ಮೆ ಸಿಕ್ಕ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಜಾಗ, ಅದರ ಡೀಫಾಲ್ಟ್ ಗಾತ್ರ 150 ಹೆಸರುಗಳು. ಇವತ್ತಿನ ಒಂದು ವೆಬ್ ಪುಟವೇ ಹತ್ತಾರು ಹೆಸರು ಕೇಳುತ್ತದೆ, ಆದ್ದರಿಂದ 1000 ಇರಲಿ.

ಒಳಗಿನ ಡೊಮೇನ್‌ಗೆ ಹೋಮ್.ಆರ್ಪಾ ಯಾಕೆ? ಮನೆಯೊಳಗಿನ ನೆಟ್‌ವರ್ಕ್‌ಗಳಿಗೆ ಅಂತಲೇ 2018ರ ಆರ್‌ಎಫ್‌ಸಿ 8375 ಅದನ್ನು ಮೀಸಲಿಟ್ಟಿದೆ. ಡಾಟ್ ಲೋಕಲ್ ಮಾತ್ರ ಇಟ್ಟುಕೊಳ್ಳಬೇಡಿ. ಅದು ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಸೇರಿದ್ದು. ಅನೇಕ ಸಾಧನಗಳು ಆ ಹೆಸರು ಕಂಡರೆ ನಿಮ್ಮ ಸರ್ವರನ್ನು ಕೇಳುವುದೇ ಇಲ್ಲ.

ಎರಡು ಹೊಂಡಗಳು ಇಲ್ಲಿವೆ. ಮೊದಲನೆಯದು ಬ್ಯಾಕಪ್ ಫೈಲ್. ಲ್ಯಾನ್.ಕಾನ್ಫ್.ಬ್ಯಾಕ್ ಅಂತ ಅದೇ ಫೋಲ್ಡರ್‌ನಲ್ಲಿ ನಕಲು ಇಟ್ಟರೆ ಅದನ್ನೂ ಓದಿಬಿಡುತ್ತದೆ. ತಿದ್ದಿದ್ದೇನೆ, ಆದರೂ ಹಳೆಯದೇ ನಡೀತಿದೆ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ನಕಲು ಬೇರೆ ಫೋಲ್ಡರ್‌ನಲ್ಲಿರಲಿ.

ಎರಡನೆಯದು /ಇಟಿಸಿ/ಹೋಸ್ಟ್ಸ್. ಡಿಎನ್‌ಎಸ್‌ಮಾಸ್ಕ್ ಈ ಫೈಲನ್ನು ಓದಿ ಅದರಲ್ಲಿರುವ ಹೆಸರುಗಳನ್ನು ಇಡೀ ನೆಟ್‌ವರ್ಕ್‌ಗೆ ಹೇಳುತ್ತದೆ. ಡಿಬಿಯನ್ ಬಳಗದ ಡಿಸ್ಟ್ರೊಗಳಲ್ಲಿ ಆ ಫೈಲ್‌ನ ಎರಡನೇ ಸಾಲು ಸಾಮಾನ್ಯವಾಗಿ 127.0.1.1, ಅದರ ಪಕ್ಕ ನಿಮ್ಮ ಸರ್ವರ್‌ನ ಹೆಸರು. ಈಗ ಒಂದು ಫೋನ್ 'ಆ ಸರ್ವರ್ ಎಲ್ಲಿದೆ' ಅಂತ ಕೇಳಿದರೆ 127.0.1.1 ಅಂತ ಉತ್ತರ ಹೋಗುತ್ತದೆ. ಫೋನ್ ತನ್ನೊಳಗೇ ಹುಡುಕಿ ಸುಮ್ಮನಾಗುತ್ತದೆ. ಆ ಸಾಲಿನ 127.0.1.1 ತೆಗೆದು 192.168.50.2 ಹಾಕಿ.

ಹಂತ 5: ಪರೀಕ್ಷೆ, ಮೊದಲು ಒಳಗಿನಿಂದ, ಆಮೇಲೆ ಹೊರಗಿನಿಂದ

ರೀಸ್ಟಾರ್ಟ್‌ಗೆ ಮುಂಚೆ ವ್ಯಾಕರಣ ತಪ್ಪು ನೋಡಿಸಿ:

ಡಿಎನ್‌ಎಸ್‌ಮಾಸ್ಕ್ --ಟೆಸ್ಟ್ --ಕಾನ್ಫ್-ಫೈಲ್=/ಇಟಿಸಿ/ಡಿಎನ್‌ಎಸ್‌ಮಾಸ್ಕ್.ಡಿ/ಲ್ಯಾನ್.ಕಾನ್ಫ್

'ಸಿಂಟ್ಯಾಕ್ಸ್ ಚೆಕ್ ಓಕೆ' ಬಂದರೆ ರೀಸ್ಟಾರ್ಟ್ ಮಾಡಿ. ರೀಲೋಡ್ ಅಲ್ಲ, ರೀಸ್ಟಾರ್ಟ್. ರೀಲೋಡ್ ಕೊಟ್ಟರೆ ಕ್ಯಾಶ್ ಖಾಲಿಯಾಗುತ್ತದೆ, ಹೋಸ್ಟ್ಸ್ ಫೈಲನ್ನು ಮತ್ತೆ ಓದುತ್ತದೆ, ಅಷ್ಟೇ. ಕಾನ್ಫಿಗ್ ಫೈಲನ್ನು ಮತ್ತೆ ಓದುವುದಿಲ್ಲ.

ಸರ್ವರ್ ಮೇಲೆಯೇ 'ಡಿಗ್ @192.168.50.2' ಕೊಟ್ಟು, ಪಕ್ಕದಲ್ಲಿ ಯಾವುದಾದರೂ ಸೈಟ್‌ನ ಹೆಸರು ಹಾಕಿ. ಸ್ಟೇಟಸ್ 'ನೋಎರರ್' ಇರಬೇಕು. ಅದನ್ನೇ ಇನ್ನೊಮ್ಮೆ ಕೇಳಿ. 'ಕ್ವೆರಿ ಟೈಮ್' 0 ಅಥವಾ ಅದರ ಹತ್ತಿರ ಬಂದರೆ ಕ್ಯಾಶ್ ಕೆಲಸ ಮಾಡುತ್ತಿದೆ. 'ರೆಫ್ಯೂಸ್ಡ್' ಬಂದರೆ ಮುಂದೆ ಯಾರನ್ನು ಕೇಳಬೇಕು ಅಂತ ಅದಕ್ಕೆ ಗೊತ್ತಿಲ್ಲ. ಸರ್ವರ್= ಸಾಲುಗಳನ್ನು ನೋಡಿ.

ಈಗ ಫೈರ್‌ವಾಲ್. 53ನ್ನು ಯುಡಿಪಿ, ಟಿಸಿಪಿ ಎರಡಕ್ಕೂ ತೆರೆಯಿರಿ. ದೊಡ್ಡ ಉತ್ತರಗಳು ಟಿಸಿಪಿಯಲ್ಲಿ ಬರುತ್ತವೆ. ಯುಡಿಪಿ ಮಾತ್ರ ತೆರೆದರೆ ಕೆಲವೇ ಕೆಲವು ಸೈಟ್‌ಗಳು ತೊಂದರೆ ಕೊಡುತ್ತವೆ, ಯಾಕೆ ಅಂತ ತಲೆ ಕೆರೆದುಕೊಳ್ಳುತ್ತೀರಿ. ಡಿಎಚ್‌ಸಿಪಿಗೆ ಬೇಕಾದ 67 ಯುಡಿಪಿಯನ್ನೂ ಈಗಲೇ ತೆರೆದುಬಿಡಿ. ಫೈರ್‌ವಾಲ್‌ಡಿ ಇದ್ದರೆ ಡಿಎನ್‌ಎಸ್, ಡಿಎಚ್‌ಸಿಪಿ ಅನ್ನುವ ಎರಡು ಸರ್ವೀಸ್ ಸೇರಿಸಿದರೆ ಸಾಕು.

ಯುಎಫ್‌ಡಬ್ಲ್ಯು ಫೈರ್‌ವಾಲ್ ಬಳಸುವವರಿಗೆ ಒಂದು ಮಾತು. 53ನೇ ಪೋರ್ಟ್‌ಗೆ '192.168.50.0/24ರಿಂದ ಮಾತ್ರ' ಅಂತ ಮಿತಿ ಹಾಕುವುದು ಒಳ್ಳೆಯದು. 67ಕ್ಕೆ ಅದೇ ಮಿತಿ ಹಾಕಿದರೆ ಕೆಲಸ ಕೆಡುತ್ತದೆ. ವಿಳಾಸವೇ ಇಲ್ಲದ ಸಾಧನ ಮೊದಲ ಸಲ ಕೇಳುವಾಗ ಅದರ ಮೂಲ ವಿಳಾಸ 0.0.0.0, ಅದು ನಿಮ್ಮ ಮಿತಿಯೊಳಗೆ ಬರುವುದಿಲ್ಲ. 67ಕ್ಕೆ ವಿಳಾಸದ ಬದಲು ಇಂಟರ್‌ಫೇಸ್ ಹೆಸರಿನ ಮೇಲೆ ನಿಯಮ ಬರೆಯಿರಿ.

ಈ ಸರ್ವರ್‌ಗೆ ಇಂಟರ್‌ನೆಟ್ ಕಡೆಗೆ ನೇರ ಮುಖ ಮಾಡಿದ ಇನ್ನೊಂದು ಇಂಟರ್‌ಫೇಸ್ ಇದ್ದರೆ ಅದರಲ್ಲಿ 53 ತೆರೆದಿರಲೇಬಾರದು. ತೆರೆದ ಡಿಎನ್‌ಎಸ್ ಸರ್ವರನ್ನು ಬೇರೆಯವರ ಮೇಲೆ ದಾಳಿ ಮಾಡಲು ಬಳಸಿಕೊಳ್ಳುತ್ತಾರೆ.

ಇನ್ನೊಂದು ಕಂಪ್ಯೂಟರ್‌ನಿಂದ ಅದೇ ಡಿಗ್ ಪರೀಕ್ಷೆ ಮಾಡಿ. ಒಳಗಿನಿಂದ ಬಂದ ಉತ್ತರ ಇಲ್ಲಿ ಟೈಮ್‌ಔಟ್ ಆದರೆ ಫೈರ್‌ವಾಲ್ ಅಥವಾ ಇಂಟರ್‌ಫೇಸ್ ಹೆಸರು ತಪ್ಪು. ಇದು ಸರಿಯಾಗದೆ ಹಂತ 6ಕ್ಕೆ ಹೋಗಬೇಡಿ.

ಹಂತ 6: ಡಿಎಚ್‌ಸಿಪಿ ಸಾಲುಗಳು

ಇವನ್ನು ಅದೇ ಲ್ಯಾನ್.ಕಾನ್ಫ್‌ನಲ್ಲಿ ಬರೆಯಿರಿ, ಆದರೆ ರೀಸ್ಟಾರ್ಟ್ ಈಗಲೇ ಬೇಡ.

ಡಿಎಚ್‌ಸಿಪಿ-ರೇಂಜ್=192.168.50.100,192.168.50.200,10ಎಂ
ಡಿಎಚ್‌ಸಿಪಿ-ಆಪ್ಷನ್=ಆಪ್ಷನ್:ರೌಟರ್,192.168.50.1
ಡಿಎಚ್‌ಸಿಪಿ-ಆಪ್ಷನ್=ಆಪ್ಷನ್:ಡಿಎನ್‌ಎಸ್-ಸರ್ವರ್,192.168.50.2
ಡಿಎಚ್‌ಸಿಪಿ-ಅಥಾರಿಟೇಟಿವ್
ಲಾಗ್-ಡಿಎಚ್‌ಸಿಪಿ

'ಐಪಿ ಸಿಕ್ಕಿತು, ಇಂಟರ್‌ನೆಟ್ ಇಲ್ಲ' ಅನ್ನುವ ದೂರಿಗೆ ಉತ್ತರ ಎರಡನೇ ಸಾಲಿನಲ್ಲಿದೆ. ನೀವು ಏನೂ ಹೇಳದಿದ್ದರೆ ಡಿಎನ್‌ಎಸ್‌ಮಾಸ್ಕ್ ತನ್ನ ವಿಳಾಸವನ್ನೇ ಗೇಟ್‌ವೇ ಅಂತ ಎಲ್ಲರಿಗೂ ಕೊಡುತ್ತದೆ. ಆ ಯಂತ್ರ ನಿಜವಾಗಿಯೂ ರೌಟರ್ ಆಗಿದ್ದರೆ ಸರಿ. ಇಲ್ಲಿ ಅಲ್ಲ. ಎಲ್ಲರ ಟ್ರಾಫಿಕ್ಕೂ 192.168.50.2ಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಹೆಸರುಗಳು ಮಾತ್ರ ಸರಿಯಾಗಿ ಸಿಗುತ್ತಿರುತ್ತವೆ, ಅದಕ್ಕೇ ಜನ ದಾರಿ ತಪ್ಪುವುದು.

10ಎಂ ಅಂದರೆ ಹತ್ತು ನಿಮಿಷದ ಲೀಸ್, ಕೊಟ್ಟ ವಿಳಾಸ ಅಷ್ಟು ಹೊತ್ತು ಆ ಸಾಧನದ್ದು. ಬದಲಾವಣೆಯ ಹೊತ್ತಿಗೆ ಇದು ಬೇಕು. ಸಾಧನಗಳು ಲೀಸ್‌ನ ಅರ್ಧ ಅವಧಿ ಕಳೆದಾಗ ಮತ್ತೆ ಕೇಳುತ್ತವೆ. ಹಾಗಾಗಿ ನೀವು ಏನಾದರೂ ತಪ್ಪು ಬರೆದಿದ್ದರೂ, ತಿದ್ದಿದ ಐದು ನಿಮಿಷದಲ್ಲಿ ಸರಿಯಾದದ್ದು ಎಲ್ಲರಿಗೂ ತಲುಪುತ್ತದೆ. ಎಲ್ಲ ನೆಲೆಗೊಂಡ ಮೇಲೆ 12ಎಚ್ ಮಾಡಿ.

100ರಿಂದ 200ರ ಒಳಗೆ ಯಾರಿಗೂ ಕೈಯಾರೆ ಸ್ಥಿರ ವಿಳಾಸ ಕೊಡಬೇಡಿ. ಹೊಸ ವಿಳಾಸ ಕೊಡುವ ಮುಂಚೆ ಡಿಎನ್‌ಎಸ್‌ಮಾಸ್ಕ್ ಅದನ್ನು ಪಿಂಗ್ ಮಾಡಿ ನೋಡುತ್ತದೆ ನಿಜ. ಆದರೆ ಆ ಹೊತ್ತಿನಲ್ಲಿ ಪ್ರಿಂಟರ್ ಆಫ್ ಆಗಿದ್ದರೆ ಅದರ ವಿಳಾಸ ಬೇರೆಯವರ ಪಾಲಾಗುತ್ತದೆ.

ಡಿಎಚ್‌ಸಿಪಿ-ಅಥಾರಿಟೇಟಿವ್ ಅನ್ನುವುದು 'ಈ ನೆಟ್‌ವರ್ಕ್‌ಗೆ ನಾನೊಬ್ಬನೇ' ಅನ್ನುವ ಘೋಷಣೆ. ಇನ್ನೊಂದು ಡಿಎಚ್‌ಸಿಪಿ ಸರ್ವರ್ ಬದುಕಿರುವಾಗ ಇದನ್ನು ಹಾಕಬಾರದು.

ಹಂತ 7: ಕೈ ಬದಲಾಯಿಸುವ ಹೊತ್ತು

ಈ ಹಂತದಲ್ಲಿ ಕ್ರಮ ಒಂದಿಷ್ಟೂ ತಪ್ಪಬಾರದು.

1. ನಿಮ್ಮ ಲ್ಯಾಪ್‌ಟಾಪ್‌ಗೆ ಕೈಯಾರೆ 192.168.50.5 ಅಂತ ವಿಳಾಸ ಕೊಡಿ. ಡಿಎಚ್‌ಸಿಪಿ ಎರಡೂ ಕಡೆ ಸತ್ತರೂ ರೌಟರ್, ಸರ್ವರ್ ಎರಡಕ್ಕೂ ನೀವು ಹೋಗುವಂತಿರಬೇಕು.

2. ರೌಟರ್‌ನ ಡಿಎಚ್‌ಸಿಪಿ ಆಫ್ ಮಾಡಿ, ಸೇವ್ ಮಾಡಿ. ಕೆಲವು ರೌಟರ್‌ಗಳು ಸೇವ್ ಆದ ಮೇಲೆ ತಾವೇ ರೀಬೂಟ್ ಆಗುತ್ತವೆ, ಮುಗಿಯುವ ತನಕ ಕಾಯಿರಿ.

3. ನಿಜವಾಗಿಯೂ ಆರಿದೆಯೇ ನೋಡಿ. ಲ್ಯಾಪ್‌ಟಾಪ್‌ನಲ್ಲಿ ಎನ್‌ಮ್ಯಾಪ್ ಹಾಕಿಕೊಂಡು 'ಸುಡೊ ಎನ್‌ಮ್ಯಾಪ್ --ಸ್ಕ್ರಿಪ್ಟ್ ಬ್ರಾಡ್‌ಕಾಸ್ಟ್-ಡಿಎಚ್‌ಸಿಪಿ-ಡಿಸ್ಕವರ್' ಕೊಡಿ. ಯಾರಿಂದಲೂ ಉತ್ತರ ಬರಬಾರದು. ಬಂದರೆ, ಉತ್ತರಿಸಿದವರ ವಿಳಾಸ ಅದರಲ್ಲೇ ಇರುತ್ತದೆ. ಮರೆತುಹೋದ ಹಳೆಯ ವೈಫೈ ಬಾಕ್ಸ್ ಎಷ್ಟೋ ಸಲ ಹೀಗೆ ಸಿಕ್ಕಿಬೀಳುತ್ತದೆ.

4. ಈಗ ಸರ್ವರ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ರೀಸ್ಟಾರ್ಟ್ ಮಾಡಿ. 'ಜರ್ನಲ್‌ಸಿಟಿಎಲ್ -ಯು ಡಿಎನ್‌ಎಸ್‌ಮಾಸ್ಕ್ -ಎಫ್' ತೆರೆದಿಡಿ.

5. ಒಂದೇ ಒಂದು ಫೋನ್‌ನ ವೈಫೈ ಆಫ್ ಮಾಡಿ ಆನ್ ಮಾಡಿ. ಲಾಗ್‌ನಲ್ಲಿ ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್ ಈ ಕ್ರಮದಲ್ಲಿ ನಾಲ್ಕು ಮಾತು ಕಾಣಬೇಕು. ನೆಟ್‌ವರ್ಕ್‌ನಲ್ಲಿ ಮೊದಲೇ ಇದ್ದ ಫೋನ್ ಆದರೆ ಕೊನೆಯ ಎರಡೇ ಕಾಣಬಹುದು, ಅದೂ ಸರಿಯೇ.

6. ಆ ಫೋನ್‌ನ ವಿವರ ತೆರೆದು ಗೇಟ್‌ವೇ 192.168.50.1, ಡಿಎನ್‌ಎಸ್ 192.168.50.2 ಇದೆಯೇ ಓದಿ. ಬ್ರೌಸರ್‌ನಲ್ಲಿ ಏನಾದರೂ ತೆರೆಯಿರಿ.

ಮಿಕ್ಕ ಸಾಧನಗಳಿಗೆ ಕೂಡಲೇ ಏನೂ ಆಗುವುದಿಲ್ಲ. ರೌಟರ್ ಕೊಟ್ಟ ಹಳೆಯ ಲೀಸ್ ಇರುವ ತನಕ ಅವು ಹಾಗೇ ಓಡುತ್ತವೆ. ಕಾಯಲು ಆಗದಿದ್ದರೆ ಅವನ್ನೂ ಒಂದೊಂದಾಗಿ ಮತ್ತೆ ಕನೆಕ್ಟ್ ಮಾಡಿಸಿ.

ಹಂತ 8: ಲಾಗ್ ಏನು ಹೇಳುತ್ತಿದೆ?

ಡಿಸ್ಕವರ್ ಮಾತ್ರ ಮತ್ತೆ ಮತ್ತೆ ಬಂದು, ಜೊತೆಗೆ 'ನೋ ಅಡ್ರೆಸ್ ರೇಂಜ್ ಅವೈಲಬಲ್' ಅಂತ ಇದ್ದರೆ, ನಿಮ್ಮ ರೇಂಜ್ ಮತ್ತು ಇಂಟರ್‌ಫೇಸ್‌ನ ವಿಳಾಸ ಬೇರೆ ಬೇರೆ ಸಬ್‌ನೆಟ್‌ನಲ್ಲಿವೆ. ಬರಿ 'ನೋ ಅಡ್ರೆಸ್ ಅವೈಲಬಲ್' ಆದರೆ ವಿಳಾಸಗಳು ಖಾಲಿಯಾಗಿವೆ.

ಡಿಸ್ಕವರ್, ಆಫರ್ ಎರಡೂ ಬರುತ್ತವೆ, ರಿಕ್ವೆಸ್ಟ್ ಬರುವುದಿಲ್ಲ ಅಂದರೆ, ನಿಮ್ಮ ಆಫರ್ ಅವರಿಗೆ ತಲುಪುತ್ತಿಲ್ಲ ಅಥವಾ ಅವರು ಬೇರೊಬ್ಬರ ಆಫರ್ ತೆಗೆದುಕೊಂಡಿದ್ದಾರೆ. ಮತ್ತೆ ಎನ್‌ಮ್ಯಾಪ್ ಪರೀಕ್ಷೆ ಮಾಡಿ.

ರಿಕ್ವೆಸ್ಟ್ ಹಿಂದೆಯೇ ಒಂದು 'ನ್ಯಾಕ್' ಬಂದು, ಆಮೇಲೆ ಡಿಸ್ಕವರ್‌ನಿಂದ ಹೊಸದಾಗಿ ಶುರುವಾದರೆ ಚಿಂತೆ ಬೇಡ. ಸಾಧನ ಬೇರೆ ನೆಟ್‌ವರ್ಕ್‌ನ ಹಳೆಯ ವಿಳಾಸವನ್ನೇ ಕೇಳಿತ್ತು, ಸರ್ವರ್ ಇಲ್ಲ ಅಂದಿತು.

ಲಾಗ್‌ನಲ್ಲಿ ಏನೂ ಇಲ್ಲ, ಸಾಧನಕ್ಕೆ 169.254ರಿಂದ ಶುರುವಾಗುವ ವಿಳಾಸ ಬಂದಿದೆ ಅಂದರೆ ಸಾಧನ ಕೇಳಿದ್ದು ನಿಮ್ಮ ಸರ್ವರ್‌ಗೆ ತಲುಪಿಲ್ಲ, ಅದು ತನಗೆ ತಾನೇ ವಿಳಾಸ ಕೊಟ್ಟುಕೊಂಡಿದೆ. ಆಗ ಸರ್ವರ್‌ನಲ್ಲಿ 'ಸುಡೊ ಟಿಸಿಪಿಡಂಪ್ -ಐ ಇಟಿಎಚ್0 -ಎನ್ ಪೋರ್ಟ್ 67' ಓಡಿಸಿ, ಸಾಧನವನ್ನು ಮತ್ತೆ ಕನೆಕ್ಟ್ ಮಾಡಿ. ಫೈರ್‌ವಾಲ್ ತಡೆಯುವ ಮುಂಚೆಯೇ ಟಿಸಿಪಿಡಂಪ್ ಪ್ಯಾಕೆಟ್ ನೋಡುತ್ತದೆ. ಅದರಲ್ಲಿ ಕಂಡು ಡಿಎನ್‌ಎಸ್‌ಮಾಸ್ಕ್ ಲಾಗ್‌ನಲ್ಲಿ ಕಾಣದಿದ್ದರೆ ಮೊದಲ ಅನುಮಾನ ಫೈರ್‌ವಾಲ್ ಮೇಲೆ. ಅದರಲ್ಲೂ ಕಾಣದಿದ್ದರೆ ಕೇಬಲ್, ಸ್ವಿಚ್, ವೈಫೈ ಕಡೆ ಹುಡುಕಿ.

ಹಂತ 9: ಸ್ಥಿರ ವಿಳಾಸ ಮತ್ತು ಹೆಸರು

ಪ್ರಿಂಟರ್‌ನಂಥವುಗಳಿಗೆ ಒಂದೊಂದು ಸಾಲು: ಡಿಎಚ್‌ಸಿಪಿ-ಹೋಸ್ಟ್= ಅಂತ ಬರೆದು, ಅದರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು ಸಂಖ್ಯೆ), ಅಲ್ಪವಿರಾಮ, ಹೆಸರು, ಅಲ್ಪವಿರಾಮ, 192.168.50.20. ಈ ವಿಳಾಸ ರೇಂಜ್‌ನ ಹೊರಗಿದ್ದರೂ ಪರವಾಗಿಲ್ಲ, ಸಬ್‌ನೆಟ್ ಅದೇ ಇರಬೇಕು. ಹೊರಗಿಟ್ಟರೇ ಒಳ್ಳೆಯದು, ನೋಡಿದ ಕೂಡಲೇ ಯಾವುದು ಸ್ಥಿರ ಅಂತ ತಿಳಿಯುತ್ತದೆ. ಇದಾದ ಮೇಲೆ ಪ್ರಿಂಟರ್.ಹೋಮ್.ಆರ್ಪಾ ಅಂತ ಹೆಸರಿನಿಂದಲೇ ಕರೆಯಬಹುದು.

ಫೋನ್‌ಗಳಿಗೆ ಹೀಗೆ ಮಾಡಿ ಕೆಲಸ ಮಾಡದಿದ್ದರೆ ಮ್ಯಾಕ್ ನೋಡಿ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಪ್ರತಿ ವೈಫೈಗೂ ಒಂದೊಂದು ನಕಲಿ ಮ್ಯಾಕ್ ತೋರಿಸುತ್ತವೆ. ಸೆಟಿಂಗ್ಸ್‌ನಲ್ಲಿರುವುದನ್ನು ಬಿಟ್ಟು ಲಾಗ್‌ನಲ್ಲಿ ಕಂಡದ್ದನ್ನು ಬರೆಯಿರಿ, ಅಥವಾ ಈ ನೆಟ್‌ವರ್ಕ್‌ಗೆ ಮಾತ್ರ ನಕಲಿ ಮ್ಯಾಕ್ ಆಯ್ಕೆಯನ್ನು ಆಫ್ ಮಾಡಿ.

ಹಳೆಯ ಲೀಸ್ ಅಳಿಸಬೇಕಾದರೆ ಮೊದಲು ಸರ್ವೀಸ್ ನಿಲ್ಲಿಸಿ. ಓಡುತ್ತಿರುವಾಗ ಲೀಸ್ ಫೈಲನ್ನು ತಿದ್ದಿದರೆ ತನ್ನ ನೆನಪಿನಲ್ಲಿರುವುದನ್ನೇ ಅದರ ಮೇಲೆ ಮತ್ತೆ ಬರೆದುಬಿಡುತ್ತದೆ. ಡಿಬಿಯನ್, ಉಬುಂಟುಗಳಲ್ಲಿ ಆ ಫೈಲ್ /ವಾರ್/ಲಿಬ್/ಮಿಸ್ಕ್ ಫೋಲ್ಡರ್‌ನಲ್ಲಿ ಡಿಎನ್‌ಎಸ್‌ಮಾಸ್ಕ್.ಲೀಸಸ್ ಅನ್ನುವ ಹೆಸರಿನಲ್ಲಿದೆ.

ಹಂತ 10: ಹೆಸರುಗಳು ಒಮ್ಮೆ ಸಿಕ್ಕಿ ಒಮ್ಮೆ ಸಿಗದಿದ್ದರೆ

ಸಾಧನಗಳು ನಿಮ್ಮ ಸರ್ವರ್ ಜೊತೆಗೆ ಬೇರೆಯವರನ್ನೂ ಕೇಳುತ್ತಿವೆ ಅಂತಲೇ ಅರ್ಥ. ಮೂರು ಕಡೆ ನೋಡಿ.

ಮೊದಲನೆಯದು, 'ಇರಲಿ' ಅಂತ ಎರಡನೇ ಡಿಎನ್‌ಎಸ್ ಆಗಿ ಹೊರಗಿನ ಸರ್ವರ್ ಒಂದನ್ನು ಕೊಟ್ಟಿರುವುದು. ಮೊದಲನೆಯದು ಸತ್ತಾಗ ಮಾತ್ರ ಎರಡನೆಯದನ್ನು ಕೇಳುತ್ತವೆ ಅಂತ ಅಂದುಕೊಳ್ಳಬೇಡಿ. ಅನೇಕ ಸಾಧನಗಳು ಎರಡನ್ನೂ ಬೇಕಾದಂತೆ ಬಳಸುತ್ತವೆ. ಹೊರಗಿನವರಿಗೆ ನಿಮ್ಮ ಪ್ರಿಂಟರ್ ಗೊತ್ತಿಲ್ಲ, ಇಲ್ಲ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ಆ ಸಾಲು ತೆಗೆಯಿರಿ.

ಎರಡನೆಯದು ಐಪಿವಿ6. ನೀವು ಆಫ್ ಮಾಡಿದ್ದು ರೌಟರ್‌ನ ಐಪಿವಿ4 ಡಿಎಚ್‌ಸಿಪಿ ಮಾತ್ರ. ಐಪಿವಿ6 ಕಡೆಯಿಂದ ಅದು ಈಗಲೂ ತನ್ನ ಡಿಎನ್‌ಎಸ್ ವಿಳಾಸವನ್ನು ಸಾರುತ್ತಿರಬಹುದು. ಸಾಧನದ ನೆಟ್‌ವರ್ಕ್ ವಿವರದಲ್ಲಿ ಡಿಎನ್‌ಎಸ್ ಜಾಗದಲ್ಲಿ ಉದ್ದನೆಯ ಐಪಿವಿ6 ವಿಳಾಸ ಕಂಡರೆ ಅದೇ. ರೌಟರ್‌ನಲ್ಲಿ ಆ ಸಾರುವಿಕೆಯನ್ನು ಆಫ್ ಮಾಡಿ.

ಮೂರನೆಯದು ಬ್ರೌಸರ್‌ನ 'ಸೆಕ್ಯೂರ್ ಡಿಎನ್‌ಎಸ್'. ಅದು ಆನ್ ಇದ್ದರೆ ಬ್ರೌಸರ್ ನಿಮ್ಮ ಸರ್ವರನ್ನು ಬಿಟ್ಟು ಹೊರಗಿನವರನ್ನು ಕೇಳಬಹುದು. ಡಿಗ್‌ನಲ್ಲಿ ಸಿಗುವ ಹೆಸರು ಬ್ರೌಸರ್‌ನಲ್ಲಿ ಮಾತ್ರ ಸಿಗದಿದ್ದರೆ ಮೊದಲು ಇದನ್ನು ನೋಡಿ.

ಹಂತ 11: ರೀಬೂಟ್ ಪರೀಕ್ಷೆ

ಲೀಸ್ ಅವಧಿಯನ್ನು 12ಎಚ್ ಮಾಡಿ. ಲಾಗ್-ಡಿಎಚ್‌ಸಿಪಿ ಸಾಲಿಗೆ # ಹಾಕಿ. ಸರ್ವರ್ ಓಡುತ್ತಿರುವುದು ಮೆಮೊರಿ ಕಾರ್ಡ್ ಮೇಲಾದರೆ ಇದನ್ನು ಮರೆಯಬೇಡಿ, ಪ್ರತಿ ಲಾಗ್ ಸಾಲೂ ಅದರ ಮೇಲೆ ಬರೆಯುವ ಕೆಲಸವೇ. 'ಸಿಸ್ಟಂಸಿಟಿಎಲ್ ಎನೇಬಲ್ ಡಿಎನ್‌ಎಸ್‌ಮಾಸ್ಕ್' ಕೊಡಿ.

ಆಮೇಲೆ ಸರ್ವರ್, ರೌಟರ್ ಎರಡನ್ನೂ ಆಫ್ ಮಾಡಿ, ಒಟ್ಟಿಗೆ ಆನ್ ಮಾಡಿ. ಕರೆಂಟ್ ಹೋಗಿ ಬಂದಾಗ ಆಗುವುದು ಇದೇ ತಾನೇ. ಎದ್ದ ಮೇಲೆ ಸರ್ವೀಸ್ ಓಡುತ್ತಿರಬೇಕು, ರೌಟರ್‌ನ ಡಿಎಚ್‌ಸಿಪಿ ಆರಿಯೇ ಇರಬೇಕು, ಫೋನ್‌ಗೆ ಹಿಂದಿನ ವಿಳಾಸವೇ ಸಿಗಬೇಕು. ಲ್ಯಾಪ್‌ಟಾಪ್‌ಗೆ ಕೈಯಾರೆ ಕೊಟ್ಟ 192.168.50.5 ತೆಗೆದು ಅದನ್ನೂ ಡಿಎಚ್‌ಸಿಪಿಗೆ ಬಿಡಿ. ಲ್ಯಾನ್.ಕಾನ್ಫ್ ಮತ್ತು ಹೋಸ್ಟ್ಸ್ ಫೈಲ್‌ಗಳ ಒಂದು ಪ್ರತಿಯನ್ನು ಈ ಸರ್ವರ್‌ನ ಹೊರಗೆ ಇಡಿ.